ಎರಡು ಗಾಡಿ, ಒಂದೇ ಪಂಪು

ತೆಕ್ಲಾ ಸಾಂಬು ಎಂಬವಳು ಲಾತೀರ್ ಫಾಯ್‌ನ ಹೆಸರನ್ನು ಮೊದಲು ಕೇಳಿದ್ದು ನಮ್ಮ ಬೂಕೋತ್ ಕೇರಿಗೆ ಕೇರಿಯೇ ಬಾಯಲ್ಲಿ ನೀರೂರಿಸಿಕೊಂಡು ಬೀದಿಗೆ ಬಂದ ದಿನ.

ಮಧ್ಯಾಹ್ನದ ಅಡಿಗೆಗೆ ಒಲೆ ಹಚ್ಚುವ ಹೊತ್ತು ಇನ್ನೂ ಆಗಿರಲಿಲ್ಲ. ಅಷ್ಟರಲ್ಲೇ ಎಲ್ಲೋ ತಾಳೆ ಎಣ್ಣೆಯಲ್ಲಿ ಮೀನು ಕರಿಯುವ ವಾಸನೆ ಬಂತು. ಒಂದು ಬಾಣಲೆಯ ವಾಸನೆಯಲ್ಲ, ಮದುವೆ ಮನೆಯ ವಾಸನೆ. ಹೆಂಗಸರು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಮಕ್ಕಳಂತೂ ತಟ್ಟೆ ಹಿಡಿದೇ ಬಂದವು. ನೋಡಿದರೆ ಮದುವೆಯೂ ಇಲ್ಲ, ಮೀನೂ ಇಲ್ಲ. ಹಳೆಯ ಬಿಳಿ ಪ್ಯೂಜೋ ಗಾಡಿಯೊಂದು ಗೂರಲು ಹಿಡಿದವರಂತೆ ಕೆಮ್ಮುತ್ತ, ಹಿಂದಿನಿಂದ ನೀಲಿ ಹೊಗೆ ಬಿಡುತ್ತ ಬೀದಿಯ ಉದ್ದಕ್ಕೂ ಹೋಗುತ್ತಿತ್ತು. ವಾಸನೆ ಬರುತ್ತಿದ್ದುದು ಆ ಹೊಗೆಯಿಂದ.

ತೆಕ್ಲಾಳ ಗಂಡ ಪಾಸ್ಕಾಲ್ ನಗುತ್ತ ನಗುತ್ತ ಮನೆಗೆ ಬಂದು ಸುದ್ದಿ ಹೇಳಿದ. ಅದು ಲಾತೀರ್ ಫಾಯ್ ಎಂಬ ಸೆರೇರ್ ಜನದವನ ಗಾಡಿಯಂತೆ. ರೊಟ್ಟಿ ಭಟ್ಟಿಯಲ್ಲಿ ಜೀವಮಾನವೆಲ್ಲ ದುಡಿದು ಈಗ ಮನೆಯಲ್ಲಿ ಕೂತಿದ್ದಾನಂತೆ. ಕೂತು ಬೇಜಾರಾಗಿ, ಅಂಗಳದ ಮಾವಿನ ಮರದ ಕೆಳಗೆ ಡೀಸೆಲ್ ಗಾಡಿ ಬಿಚ್ಚುವುದು, ಕೂಡಿಸುವುದು, ಮಿಕ್ಕ ಬೋಲ್ಟುಗಳನ್ನು ಡಬ್ಬಿಗೆ ಹಾಕುವುದು, ಇದೇ ಕೆಲಸವಂತೆ. ಡೀಸೆಲ್ ಯಾಕೆ ಬೇಕು, ಎಣ್ಣೆ ಎಂದರೆ ಎಣ್ಣೆಯೇ ಎಂದು ತಾಳೆ ಎಣ್ಣೆ ಸೋಸಿ ಟ್ಯಾಂಕಿಗೆ ಸುರಿದಿದ್ದಾನಂತೆ.

ತೆಕ್ಲಾ ನಗಲಿಲ್ಲ. ಆ ದಿನ ಬೆಳಿಗ್ಗೆ ಸಂತೆಯಲ್ಲಿ ಹುಬ್ಬಿನ ತುಂಬ ಬಿಳಿ ಕೂದಲಿದ್ದವನೊಬ್ಬ ಅವಳು ಮಾರಲು ಇಟ್ಟಿದ್ದ ದೊಡ್ಡ ಡಬ್ಬಿಯ ತಾಳೆ ಎಣ್ಣೆ ಅಷ್ಟನ್ನೂ ಕೊಂಡಿದ್ದ. ಚೌಕಾಶಿ ಮಾಡಿರಲಿಲ್ಲ. ಚೆನ್ನಾಗಿ ಸೋಸಿದ್ದೀಯಾ, ಗಸಿ ಇಲ್ಲ ತಾನೆ ಎಂದು ಮೂರು ಸಲ ಕೇಳಿದ್ದ. ಬಾಯಿರುಚಿ ಬಲ್ಲ ಮನುಷ್ಯ ಎಂದು ಅವಳು ಒಳಗೊಳಗೇ ಹೊಗಳಿದ್ದಳು.

ಬಿಸಿಲಿರುವವರೆಗೆ ಗಾಡಿ ಓಡಿತು. ಡಿಸೆಂಬರ್ ಬಂದು ಬೆಳಗಿನ ಚಳಿ ಬಿದ್ದಾಗ ಎಣ್ಣೆ ಟ್ಯಾಂಕಿನಲ್ಲಿ ತುಪ್ಪದ ಹಾಗೆ ಹೆಪ್ಪುಗಟ್ಟಿತು. ಡೀಸೆಲ್ ಗಾಡಿಗೆ ಪಂಪು ಎಂದರೆ ಗುಂಡಿಗೆ. ಎಂಜಿನ್ನಿನ ಮಗ್ಗುಲಿಗೆ ಕೂತು, ನಾಲ್ಕು ನಳಿಗೆಗಳಲ್ಲಿ ನಾಲ್ಕು ಬಾಯಿಗೆ ಸರಿಯಾದ ಹೊತ್ತಿಗೆ ಸರಿಯಾದ ಗುಟುಕು ಉಣಿಸುವುದು ಅದೇ. ಲಾತೀರ್ ಹಟ ಹಿಡಿದು ಗಾಡಿ ಚಾಲೂ ಮಾಡಿದ. ಪಂಪು ಒಂದು ಸಲ ಕಿರುಚಿ ಒಳಗೇ ಮುರಿದುಬಿತ್ತು.

ಅವನು ಸೀದಾ ಸಂತೆಗೆ ಬಂದು ತೆಕ್ಲಾಳ ಎದುರು ನಿಂತ. ಅವಳು ಜೋಲ, ಅವನು ಸೆರೇರ್. ಹಿಂದೆ ಯಾವಾಗಲೋ ಇಬ್ಬರು ಅಕ್ಕತಂಗಿಯರು ಕೂತ ದೋಣಿ ನಡುನೀರಿನಲ್ಲಿ ಎರಡು ಸೀಳಾಗಿ, ಒಬ್ಬಳು ಈ ದಡಕ್ಕೆ ಬಂದು ಜೋಲರ ಮೂಲಜ್ಜಿಯಾದಳು, ಇನ್ನೊಬ್ಬಳು ಆ ದಡಕ್ಕೆ ಹೋಗಿ ಸೆರೇರರ ಮೂಲಜ್ಜಿಯಾದಳು. ಅಂದಿನಿಂದ ಈ ಎರಡು ಕುಲದವರು ಎದುರಾದರೆ ನೀನು ನನ್ನ ಆಳು ಎಂದು ಬೈದುಕೊಳ್ಳಲೇಬೇಕು, ಸಿಟ್ಟು ಮಾಡುವ ಹಾಗಿಲ್ಲ. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಇಲ್ಲ ಅನ್ನುವ ಹಾಗೂ ಇಲ್ಲ.

"ನಿನ್ನ ಎಣ್ಣೆ ನನ್ನ ಪಂಪನ್ನ ಕೊಂದುಹಾಕ್ತಲ್ಲೇ, ಅಕ್ಕಿ ಕಳ್ಳಿ" ಎಂದ ಲಾತೀರ್.

"ಎಣ್ಣೆ ಕೊಟ್ಟಿದ್ದು ನೀನು ತಿನ್ಲಿ ಅಂತ. ಗಾಡಿ ಬಾಯಿಗೆ ಹುಯ್ಯಿ ಅಂದಿದ್ನಾ?" ಎಂದಳು ತೆಕ್ಲಾ. "ಸಜ್ಜೆ ತಿಂದೂ ತಿಂದೂ ನಿನ್ನ ತಲೇಲಿ ಬರೀ ಹೊಟ್ಟು ತುಂಬಿದೆ."

ಬೈಗುಳ ಎರಡು ಕಡೆಯೂ ಸರಿಸಮ ಬಿದ್ದ ಮೇಲೆ ನೆಂಟಸ್ತಿಕೆ ಗಟ್ಟಿಯಾಯಿತು.

ಪಾಸ್ಕಾಲನ ಹತ್ತಿರವೂ ಅದೇ ಜಾತಿಯ ಪ್ಯೂಜೋ ಇತ್ತು, ಹಸಿರು ಬಣ್ಣದ್ದು. ಏಳು ಜನ ಕೂರುವ ಆ ಗಾಡಿಯಲ್ಲಿ ಅವನು ಎಲಿಂಕಿನ್ ಹಳ್ಳಿಯ ಹೆಂಗಸರನ್ನೂ ಅವರ ಸಿಂಪಿಯ ಬುಟ್ಟಿಗಳನ್ನೂ ಪೇಟೆಗೆ ತರುತ್ತಿದ್ದ. ಹಿಂದಿನ ಸೀಟಿನಲ್ಲಿ ಕೂತವರು ಇಳಿಯುವಾಗ ಸಿಂಪಿಯ ಹಾಗೆಯೇ ನಾರುತ್ತಿದ್ದರು. ಲಾತೀರ್ ಭಾನುವಾರಗಳಲ್ಲಿ ಬಂದು ಪಾಸ್ಕಾಲನ ಜೊತೆ ಆ ಗಾಡಿಯ ಅಡಿಗೆ ಮಲಗುತ್ತಿದ್ದ. ಮೇಲಿನಿಂದ ನೋಡಿದರೆ ನಾಲ್ಕು ಕಾಲುಗಳು ಮಾತ್ರ ಜಗಳವಾಡುವುದು ಕಾಣುತ್ತಿತ್ತು. ಎಂಜಿನ್ನಿನ ಒಳದನಿ ಕೇಳಲು ಲಾತೀರನಿಗೆ ಮರದ ಕೋಲು ಬೇಕು. ತೆಕ್ಲಾಳ ಅನ್ನದ ಸೌಟಿನ ಹಿಡಿಯನ್ನು ಎಂಜಿನ್ನಿಗೆ ಒತ್ತಿ, ಬಟ್ಟಲನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. "ನಾಲ್ಕು ಬಾಯಲ್ಲಿ ಮೂರನೇದು ಸುಳ್ಳು ಹೇಳ್ತಿದೆ" ಎನ್ನುತ್ತಿದ್ದ. ಒಮ್ಮೊಮ್ಮೆ ಸುಳ್ಳು ಹೇಳುತ್ತಿದ್ದುದು ಎರಡನೆಯದಾಗಿರುತ್ತಿತ್ತು. ಆ ಮನೆಯ ಅನ್ನ ಮಾತ್ರ ಎಲ್ಲ ದಿನವೂ ಸ್ವಲ್ಪ ಡೀಸೆಲ್ ನಾರುತ್ತಿತ್ತು.

ಹೀಗಿರುವಾಗ ಪಾಸ್ಕಾಲ್ ಮಲಗಿದ. ಎದ್ದೇಳುವ ಮಲಗುವಿಕೆಯಲ್ಲ ಎಂದು ಅವನಿಗೇ ಗೊತ್ತಾಗಿತ್ತು. ನಮ್ಮಲ್ಲಿ ಗಾಡಿ ನಿಂತರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು: ಮೊದಲು ಟೈರು ಕೂರುತ್ತದೆ, ಆಮೇಲೆ ಕೋಳಿ ಕೂರುತ್ತದೆ. ಪಾಸ್ಕಾಲ್ ಹೆಂಡತಿಯ ಕೈ ಹಿಡಿದು, ಮಕ್ಕಳಿಲ್ಲ, ಮರಿಯಿಲ್ಲ, ಆ ಗಾಡಿಯೊಂದೇ ನನ್ನ ಹಿಂದೆ ಉಳಿಯುವುದು, ಅದು ಓಡುತ್ತಿರಲಿ, ಅದರಲ್ಲಿ ಕೋಳಿ ಮೊಟ್ಟೆಯಿಡದ ಹಾಗೆ ನೋಡಿಕೋ ಎಂದ. ತೆಕ್ಲಾ ಆಗಲಿ ಎಂದಳು. ಅವನ ಅಣ್ಣನ ಮಗ ಬೊನಿಫಾಸ್ ಗಾಡಿ ನಡೆಸುವುದೆಂದು ಮಾತಾಯಿತು.

ಮಣ್ಣಿನ ದಿನ ಪೆಟ್ಟಿಗೆ ಎತ್ತಿ ಬಾಗಿಲಿಗೆ ತಂದರು. ಅಲ್ಲಿ ಲಾತೀರ್ ಅಡ್ಡಲಾಗಿ ನೆಲದ ಮೇಲೆ ಮಲಗಿಬಿಟ್ಟಿದ್ದ. ಅದು ಅವನ ಹಕ್ಕು. ಸತ್ತವನ ಹಾಸ್ಯದ ನೆಂಟ ದಾರಿ ಕಟ್ಟಿ ಏನಾದರೂ ಕೇಳಬೇಕು, ಮನೆಯವರು ಒಂದು ಹಿಡಿ ಅಕ್ಕಿಯನ್ನೋ ಒಂದು ಕಾಸನ್ನೋ ಕೊಟ್ಟು ಎಬ್ಬಿಸಬೇಕು, ಅತ್ತವರು ಒಂದು ಗಳಿಗೆ ನಗಬೇಕು.

"ಈ ಜೋಲನ ಹೆಂಡ್ತಿ ನನ್ನ ಪಂಪು ಕೊಂದಿದಾಳೆ" ಎಂದು ಅವನು ಆಕಾಶ ನೋಡುತ್ತ ಗಟ್ಟಿಯಾಗಿ ಹೇಳಿದ. "ಪಂಪಿಗೆ ಪಂಪು ಕೊಡೋವರ್ಗೂ ಇವನನ್ನ ಬಿಡಲ್ಲ."

ಮೂರು ದಿನದಿಂದ ಅಳಲೂ ಬಾರದೆ ಕಲ್ಲಾಗಿದ್ದ ತೆಕ್ಲಾಳಿಗೆ ತಟ್ಟನೆ ನಗು ಬಂತು. ನಗುವಿನ ಹಿಂದೆಯೇ ಅಳು ಬಂತು. ಕಣ್ಣೊರೆಸಿಕೊಂಡು, "ತಗೊಂಡು ಹಾಳಾಗು, ಎದ್ದೇಳು" ಎಂದಳು. ನೆರೆದವರೆಲ್ಲ ನಕ್ಕರು. ಲಾತೀರ್ ಎದ್ದು ಬಟ್ಟೆ ಕೊಡವಿಕೊಂಡು, ತಾನೇ ಪೆಟ್ಟಿಗೆಗೆ ಹೆಗಲು ಕೊಟ್ಟ.

ಮಾರನೆಯ ಬೆಳಿಗ್ಗೆ ಅವನು ಸ್ಪ್ಯಾನರ್ ಹಿಡಿದುಕೊಂಡು ಬಂದ.

ತೆಕ್ಲಾ ಮೊದಲು ಗಾಡಿ ಒರೆಸಲು ಬಂದನೆಂದುಕೊಂಡಳು. ಬಾನೆಟ್ ಎತ್ತಿ ನಳಿಗೆಗಳನ್ನು ಕಳಚುವುದನ್ನು ನೋಡಿ ಒಲೆ ಬಿಟ್ಟು ಓಡಿ ಬಂದಳು.

"ಏನೋ ಮಾಡ್ತಿದೀಯ, ಆಳೇ?"

"ನೀನೇ ಕೊಟ್ಯಲ್ಲ."

"ಅದು ನಗಾಡ್ಕೊಂಡು ಕೊಟ್ಟಿದ್ದು."

"ನಾನೂ ನಗಾಡ್ಕೊಂಡೇ ಬಿಚ್ತಿದೀನಿ, ನೋಡು" ಎಂದು ಅವನು ಇದ್ದ ಹಲ್ಲುಗಳನ್ನೆಲ್ಲ ತೋರಿಸಿದ.

ಕೇರಿಯ ಹಿರಿಯರವರೆಗೂ ಮಾತು ಹೋಯಿತು. ಜೋಲರ ಹಿರಿಯರು, ಸೆರೇರರ ಹಿರಿಯರು ಮಾವಿನ ಮರದಡಿ ಕೂತು ಮೂರು ಸುತ್ತು ಟೀ ಕುಡಿದರು. ಇಂಥದು ಹಿಂದೆಂದೂ ಆಗಿರಲಿಲ್ಲ. ಹಾಸ್ಯಕ್ಕೆ ಆಡುವ ಮಾತನ್ನು ಆಡಿದ ಹಾಗೇ ತೆಗೆದುಕೊಂಡ ಮೂರ್ಖ ಯಾರೂ ಹುಟ್ಟಿರಲಿಲ್ಲ. ಆದರೂ ಹೆಣದ ಮುಂದೆ ನೆಂಟನಿಗೆ ಕೊಟ್ಟ ಮಾತು ಹಿಂದಕ್ಕೆ ಬರುವುದಿಲ್ಲ ಎಂದು ತೀರ್ಮಾನವಾಯಿತು. ತೆಕ್ಲಾಳ ಮುಖ ಸಣ್ಣದಾದುದನ್ನು ನೋಡಿ ಮುದುಕರಲ್ಲೊಬ್ಬ ಹೇಳಿದ, ಅವನು ಕೇಳಿದ್ದಕ್ಕೆ ನೀನು ಇಲ್ಲ ಅನ್ನುವ ಹಾಗಿಲ್ಲ ಸರಿ, ನೀನು ಕೇಳಿದರೆ ಅವನೂ ಇಲ್ಲ ಅನ್ನುವ ಹಾಗಿಲ್ಲವಲ್ಲ.

ತೆಕ್ಲಾ ಅಲ್ಲೇ, ಎಲ್ಲರ ಎದುರಿಗೇ, ಭಾನುವಾರ ಇಗರ್ಜಿಯ ಪೂಜೆಗೆ ಪಂಪು ಬೇಕು ಎಂದು ಕೇಳಿದಳು. ಲಾತೀರನ ಕೈಯಲ್ಲಿದ್ದ ಟೀ ಲೋಟ ಬಾಯಿಗೂ ಹೋಗದೆ ನೆಲಕ್ಕೂ ಇಳಿಯದೆ ನಿಂತಿತು. ಅವನು ಆಗಷ್ಟೇ ಪಂಪನ್ನು ಬಿಳಿ ಗಾಡಿಗೆ ಕೂಡಿಸಿ, ಕೊನೆಯ ಬೋಲ್ಟು ಬಿಗಿದು ಬಂದಿದ್ದ.

ಅಂದಿನಿಂದ ಪಂಪು ಎರಡು ಮನೆಯ ಮಗುವಾಯಿತು. ಶುಕ್ರವಾರ ಲಾತೀರ್ ಮಸೀದಿಗೆ ಹೋಗಬೇಕು, ಆಗ ಪಂಪು ಬಿಳಿ ಗಾಡಿಯಲ್ಲಿ. ಭಾನುವಾರ ತೆಕ್ಲಾ ಇಗರ್ಜಿಗೆ ಹೋಗಬೇಕು, ಆಗ ಹಸಿರು ಗಾಡಿಯಲ್ಲಿ. ಭಾನುವಾರ ಈ ಪಂಪು ಹಂದಿ ಮಾಂಸದ ಊಟಕ್ಕೂ ತಾಳೆಯ ಹೆಂಡಕ್ಕೂ ಹೋಗಿಬಂದಿದೆ ಎಂದು ಲಾತೀರ್ ಅದನ್ನು ಮೂರು ಸಲ ಡೀಸೆಲ್‌ನಲ್ಲಿ ತೊಳೆಯುತ್ತಿದ್ದ. ಶುಕ್ರವಾರದ ಪ್ರಾರ್ಥನೆ ಕೇಳಿ ಕೇಳಿ ಇದಕ್ಕೆ ನಿದ್ದೆ ಹತ್ತಿದೆ, ಅದಕ್ಕೇ ಶನಿವಾರ ಎಳೆಯುವುದಿಲ್ಲ ಎಂದು ತೆಕ್ಲಾ ಹೇಳುತ್ತಿದ್ದಳು. ಮಿಕ್ಕ ದಿನ ಯಾರು ಮೊದಲು ಬಾಯಿಬಿಟ್ಟು ಕೇಳಿದರೋ ಅವರದು.

ಕೇಳಿದರೆ ತಾನೆ ಕೊಡಬೇಕಾದದ್ದು? ಇದು ಹೊಳೆದ ಮೇಲೆ ತೆಕ್ಲಾ ಅಡಗುವುದನ್ನು ಕಲಿತಳು. ಲಾತೀರನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಅಕ್ಕಿಯ ಮಡಕೆಗಳ ಹಿಂದೆ ಕೂತುಬಿಡುವಳು. ಅವನೂ ಸೆರೇರನೇ. ಜಗಲಿಯ ಮೇಲೆ ಕೂತು, ಅವಳದೇ ಇದ್ದಿಲು, ಅವಳದೇ ಸಕ್ಕರೆ ತೆಗೆದುಕೊಂಡು ನಿಧಾನವಾಗಿ ಟೀ ಕಾಯಿಸುವನು. ಮೊದಲ ಸುತ್ತು ಕಹಿ, ಎರಡನೆಯದು ಹದ, ಮೂರನೆಯದು ಸಿಹಿ. ಮೂರನೆಯ ಸುತ್ತಿನ ಪುದೀನ ವಾಸನೆ ಅಕ್ಕಿಯ ಧೂಳಿನ ಜೊತೆ ಮೂಗಿಗೆ ಹೋಗಿ ತೆಕ್ಲಾ ಸೀನುವಳು. "ಒಳ್ಳೇದಾಗ್ಲಿ. ನಾಳೆ ಪಂಪು ಬೇಕಿತ್ತು" ಎನ್ನುವನು ಲಾತೀರ್, ಗೋಡೆಗೆ.

ಬೇರೆ ಪಂಪು ಕೊಳ್ಳಬಾರದೆ ಎಂದು ಲಾತೀರನ ಹೆಂಡತಿ ದಿಬೋರ್ ಬೇಕಾದಷ್ಟು ಸಲ ಕೇಳಿದಳು. ಒಮ್ಮೆ ಡಾಕಾರಿನಿಂದ ಎರಡು ಹಳೆಯ ಪಂಪು ತರಿಸಿದ್ದೂ ಉಂಟು. ಎರಡೂ ಇದಕ್ಕಿಂತ ಮುದಿಯವು ಎಂದು ಲಾತೀರ್ ಅಲ್ಲಾಡಿಸಿ ನೋಡಿಯೇ ಹಿಂದೆ ಕಳಿಸಿದ. ಕೂಡಿಸಿ ನೋಡಲೂ ಇಲ್ಲವಲ್ಲ ಎಂದು ದಿಬೋರ್ ತೆಕ್ಲಾಳ ಹತ್ತಿರ ದೂರಿದಳು. ಬೇರೆ ಪಂಪು ಸಿಕ್ಕರೆ ಈ ಮನುಷ್ಯ ಬೆಳಗಾದರೆ ಎಲ್ಲಿಗೆ ಹೋಗುತ್ತಾನೆ, ನನ್ನ ತಲೆಯನ್ನೇ ಬಿಚ್ಚಿ ಕೂಡಿಸಿಯಾನು ಎಂದೂ ಅವಳೇ ಹೇಳಿದಳು.

ಪಂಪು ಇಲ್ಲದ ದಿನ ಹಸಿರು ಗಾಡಿಯ ಸುತ್ತ ಕೋಳಿಗಳು ಮನೆ ನೋಡಲು ಬಂದ ಬಾಡಿಗೆದಾರರ ಹಾಗೆ ಸುತ್ತುತ್ತಿದ್ದವು. ಒಂದು ಗುರುವಾರ ಬೊನಿಫಾಸ್ ಕಿಟಕಿಯ ಗಾಜು ಏರಿಸುವುದನ್ನು ಮರೆತ. ಶನಿವಾರ ಬಿಳಿ ಪ್ಯಾಂಟು ಹಾಕಿಕೊಂಡು ಚಾಲಕನ ಸೀಟಿನಲ್ಲಿ ಕೂತವನು ಕೂತ ಹಾಗೆಯೇ ಎದ್ದ. ಮೊಟ್ಟೆ ಎರಡಿದ್ದವು.

ತೆಕ್ಲಾ ಆ ಸೀಟನ್ನು ತಾನೇ ತಿಕ್ಕಿ ತೊಳೆದಳು. ಗಂಡನಿಗೆ ಕೊಟ್ಟ ಮಾತು ಮುರಿಯಿತಲ್ಲ ಎಂದು ಅವಳಿಗೆ ಅನ್ನ ಇಳಿಯಲಿಲ್ಲ. ಲಾತೀರ್ ಬಂದು ಪಂಪು ಕೂಡಿಸಲಿ ಎಂದು ಕಾಯುವುದರಿಂದ ತಾನೆ ಕೋಳಿಗೆ ಪುರುಸೊತ್ತು ಸಿಗುವುದು? ಆ ಕೆಲಸ ತಾನೇ ಕಲಿಯುವುದೆಂದು ಹಟ ತೊಟ್ಟಳು. ಕಲಿಸು ಎಂದು ಲಾತೀರನನ್ನು ಕೇಳಿದಾಗ ಅವನು ನಕ್ಕು ಕೆಳಗೆ ಕೂತ. ಆಮೇಲೆ ಅವಳು ಕೇಳಿದ್ದು ನೆಂಟಸ್ತಿಕೆಯ ಕೇಳಿಕೆ, ಇಲ್ಲ ಅನ್ನುವಂತಿಲ್ಲ ಎಂದು ನೆನಪಾಗಿ ಎದ್ದು ನಿಂತ.

ಬೈದು ಬೈದು ಕಲಿಸಿದ. ಪಂಪಿನ ಮೇಲೊಂದು ಗೆರೆ, ಎಂಜಿನ್ನಿನ ಮೇಲೊಂದು ಗೆರೆ. ಗೆರೆಗೆ ಗೆರೆ ಕೂಡಬೇಕು, ಕೂದಲೆಳೆ ತಪ್ಪಿದರೂ ಗಾಡಿ ಒದರುತ್ತದೆ. ಅವನ ಕಣ್ಣಿಗೆ ಆ ಗೆರೆ ಕಾಣುತ್ತಿರಲಿಲ್ಲ, ಬೆರಳಿನಲ್ಲಿ ಸವರಿ ಹುಡುಕುತ್ತಿದ್ದ. ತೆಕ್ಲಾ ಕೆಂಪು ಉಗುರುಬಣ್ಣ ತಂದು ಎರಡು ಗೆರೆಗೂ ಬಳಿದಳು. ಕಡೆಯದು ನಳಿಗೆಯೊಳಗೆ ಸೇರಿಕೊಂಡ ಗಾಳಿ ತೆಗೆಯುವುದು. ನಳಿಗೆಯ ತಿರುಪು ಸಡಿಲಿಸಿ ಎಂಜಿನ್ ತಿರುಗಿಸಿದರೆ ಮೊದಲು ನೊರೆನೊರೆಯಾಗಿ ಉಗುಳುತ್ತದೆ, ಗಾಳಿಯೆಲ್ಲ ಹೋದ ಮೇಲೆ ಬರೀ ಎಣ್ಣೆ ದಾರದ ಹಾಗೆ ಇಳಿಯುತ್ತದೆ, ಆಗ ಬಿಗಿಯಬೇಕು. ಲಾತೀರ್ ಇದನ್ನು ಹಿಟ್ಟು ಹುದುಗುವ ಲೆಕ್ಕದಲ್ಲಿ ವಿವರಿಸಿದ, ಅವಳಿಗೆ ತಿಳಿಯಲಿಲ್ಲ. ಅನ್ನ ಬಸಿದ ಹಾಗೆ ಎಂದುಕೊಂಡಳು, ಕೈಗೆ ಹತ್ತಿತು.

ಮೊದಲ ಸಲ ಅವಳೊಬ್ಬಳೇ ಕೂಡಿಸಿದ ದಿನ ಹಸಿರು ಗಾಡಿ ಒಂದೇ ಏಟಿಗೆ ಚಾಲೂ ಆಯಿತು. ಲಾತೀರ್ ಸೌಟು ಹಚ್ಚಿ ಬಹಳ ಹೊತ್ತು ಕೇಳಿದ. ತಪ್ಪು ಸಿಗಲಿಲ್ಲ. "ಇವತ್ತು ಗಾಡಿಗೆ ಮೈ ಚೆನ್ನಾಗಿದೆ, ಅದಕ್ಕೆ" ಎಂದು ಸೌಟು ಕೊಟ್ಟು ಹೋದ. ಆಮೇಲೆ ಬಿಳಿ ಗಾಡಿಗೂ ಅವಳೇ ಕೂಡಿಸಲಿ ಎಂದು ಕೇಳತೊಡಗಿದ. ಅವಳು ಆಳು ನಾನೋ ನೀನೋ ಎಂದು ಬೈಯುತ್ತ ಪಂಪನ್ನು ಬೋಗುಣಿಯಲ್ಲಿಟ್ಟು ತಲೆಯ ಮೇಲೆ ಹೊತ್ತುಕೊಂಡು ಅವನ ಮನೆಗೆ ಹೋಗುವಳು. ಎದುರಿಗೆ ಬಂದವರು ಇವತ್ತೇನು ಮೀನಮ್ಮ ಎಂದು ಕೇಳುವರು.

ತೆಕ್ಲಾಳ ತಮ್ಮನ ಮಗಳಿಗೆ ಎಲಿಂಕಿನ್‌ನಲ್ಲಿ ಮದುವೆ ಗೊತ್ತಾಯಿತು, ಒಂದು ಶನಿವಾರ. ಮದುಮಗಳನ್ನು ನನ್ನ ಗಾಡಿಯಲ್ಲೇ ಇಗರ್ಜಿಗೆ ಕರೆತರುತ್ತೇನೆ ಎಂದು ಆ ಹುಡುಗಿ ಅಂಬೆಗಾಲಿಡುವಾಗಲೇ ಪಾಸ್ಕಾಲ್ ಮಾತು ಕೊಟ್ಟಿದ್ದ. ಆ ವರ್ಷ ಮುಸಲ್ಮಾನರ ಉಪವಾಸದ ತಿಂಗಳು ಸರಿಯಾಗಿ ಆ ವಾರಕ್ಕೇ ಮುಗಿಯಬೇಕಿತ್ತು. ಶುಕ್ರವಾರ ಸಂಜೆ ಚಂದ್ರ ಕಂಡರೆ ಶನಿವಾರವೇ ಉಪವಾಸ ಬಿಡುವ ಕೊರಿತೆ ಹಬ್ಬ. ಹಬ್ಬದ ದಿನ ಲಾತೀರ್ ಊರಿನ ನೆಂಟರ ಮನೆಗೆಲ್ಲ ಗಾಡಿಯಲ್ಲಿ ಹೋಗಿ ತಪ್ಪೊಪ್ಪು ಮಾಡಿಕೊಂಡು ಬರುವವನು. ಅದನ್ನು ಅವನು ಹಿಂದಿನ ವಾರವೇ, ತೆಕ್ಲಾ ಸೀನಿದಾಗ, ಕೇಳಿಬಿಟ್ಟಿದ್ದ. ಚಂದ್ರ ಕಾಣದಿದ್ದರೆ ಹಬ್ಬ ಭಾನುವಾರಕ್ಕೆ, ಶನಿವಾರ ಪಂಪು ತೆಕ್ಲಾಳಿಗೆ.

ಆ ಸಂಜೆ ಬೂಕೋತ್ ಕೇರಿಯ ಮುಸಲ್ಮಾನರಿಗಿಂತ ಮೊದಲು ಆಕಾಶ ನೋಡಿದವಳು ತೆಕ್ಲಾ. ಹಸಿರು ಗಾಡಿಯ ನೆತ್ತಿಯ ಮೇಲೆ ಹತ್ತಿ ನಿಂತು, ಮೋಡ ಬರಲಿ ತಾಯಿ ಎಂದು ಜಪಮಣಿ ಎಣಿಸಿದಳು. ತುಸು ಮೋಡ ಬಂತು ಕೂಡ. ಅಷ್ಟು ಹೊತ್ತಿಗೆ ಲಾತೀರ್ ಬಂದು ಕೆಳಗೆ ನಿಂತ.

"ನಮ್ಮ ಮಸೀದಿಯವರು ಕಂಡ್ತು, ನಾಳೆ ಹಬ್ಬ ಅಂತಿದಾರೆ. ಕೆರೆ ಆಚೆ ಮಸೀದಿಯವರು ಕಂಡಿಲ್ಲ, ನಾಡಿದ್ದು ಅಂತಿದಾರೆ."

ಪ್ರತಿ ವರ್ಷ ಇರುವ ಜಗಳ ಅದು. ತೆಕ್ಲಾ ಮೇಲಿನಿಂದಲೇ ಕೇಳಿದಳು:

"ಒಂದು ಮಾತು ಕೇಳ್ತೀನಿ. ಈ ವರ್ಷ ನೀನು ಕೆರೆ ಆಚೆಯವನಾಗು."

ಲಾತೀರ್ ತಿಂಗಳು ಪೂರ್ತಿ ಹಸಿದ ಮನುಷ್ಯ. ಮನೆಯಲ್ಲಿ ದಿಬೋರ್ ಆಗಲೇ ಕೋಳಿಗಳಿಗೆ ಮಸಾಲೆ ಹಚ್ಚಿಟ್ಟಿದ್ದಳು. ಅವನು ತಲೆಯೆತ್ತಿ ಮೋಡ ನೋಡಿದ, ಗಾಡಿಯ ಮೇಲೆ ನಿಂತಿದ್ದ ಮುದುಕಿಯನ್ನು ನೋಡಿದ. "ನನಗೂ ಚಂದ್ರ ಸರಿಯಾಗಿ ಕಾಣ್ಲಿಲ್ಲ ಬಿಡು" ಎಂದ. "ಇಳಿ ಕೆಳಗೆ. ನೆತ್ತಿ ಸೊಟ್ಟ ಮಾಡೀಯ."

ಶನಿವಾರ ಪಂಪು ಹಸಿರು ಗಾಡಿಯಲ್ಲಿ ಎಲಿಂಕಿನ್‌ಗೆ ಹೋಯಿತು. ದಾರಿಯಲ್ಲಿ ಏನಾದರೂ ಆದೀತೆಂದು ಲಾತೀರನೂ ಹೋದ. ಮದುಮಗಳು ಪಾಸ್ಕಾಲನ ಗಾಡಿಯಿಂದ ಇಗರ್ಜಿಯ ಮುಂದೆ ಇಳಿದಾಗ ತೆಕ್ಲಾ ಗಾಡಿಯ ಬಾಗಿಲು ಹಿಡಿದುಕೊಂಡು ನಿಂತೇ ಇದ್ದಳು, ಒಳಗೆ ಬಾ ಎಂದು ಮೂರು ಜನ ಕರೆಯಬೇಕಾಯಿತು. ಆಮೇಲೆ ಊಟ. ನಿಂಬೆಹುಳಿಯ ಮೀನುಸಾರು, ಕೆಂಪೆಣ್ಣೆಯ ಅನ್ನ, ಸುಟ್ಟ ಸಿಂಪಿ. ಜೋಲರ ಊರಿಗೆ ಸೆರೇರ್ ಬಂದಿದ್ದಾನೆ, ಅದೂ ಉಪವಾಸ ಇದ್ದಾನೆ ಎಂದು ತಿಳಿದ ಮೇಲೆ ಬಿಡುವವರುಂಟೆ? ಒಬ್ಬೊಬ್ಬರೇ ತಟ್ಟೆ ತಂದು ಅವನ ಮೂಗಿನ ಕೆಳಗೆ ಹಿಡಿದು, ಉಪ್ಪು ಸರಿಯಿದೆಯೇ ನೋಡಿ ಹೇಳಪ್ಪ ಎಂದರು. ಎಂಜಿನ್ ಕಾದಿದೆ, ನೋಡಿಕೊಳ್ಳಬೇಕು ಎಂದು ಅವನು ಬಾನೆಟ್ ಎತ್ತಿ ತಲೆ ಒಳಗಿಟ್ಟುಕೊಂಡ. ಸಂಜೆಯವರೆಗೂ ತೆಗೆಯಲಿಲ್ಲ. ಹೊತ್ತು ಮುಳುಗಿದ ಕೂಡಲೇ ತೆಕ್ಲಾ ಒಂದು ಚೊಂಬು ನೀರು, ತಲೆಯಷ್ಟು ದೊಡ್ಡ ಮೀನಿನ ತಟ್ಟೆ ತಂದು ಗಾಡಿಯ ಮೇಲಿಟ್ಟಳು. ಆ ಹೊತ್ತು ಮಾತ್ರ ಇಬ್ಬರೂ ಬೈದುಕೊಳ್ಳಲಿಲ್ಲ.

ಮನೆಯಲ್ಲಿ ದಿಬೋರ್ ಹಬ್ಬದ ಕೋಳಿಗಳನ್ನೆಲ್ಲ ನೆಂಟರಿಗೆ ಬಡಿಸಿ ಮುಗಿಸಿ, ಗಂಡನಿಗೆ ಒಂದು ಕತ್ತು ಉಳಿಸಿದ್ದಳು.

ಎರಡು ಮಳೆಗಾಲ ಕಳೆದ ಮೇಲೆ ಲಾತೀರನ ಉಸಿರು ಕಟ್ಟತೊಡಗಿತು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿಯುವನು. ಅವನ ಗಂಡುಮಕ್ಕಳಿಬ್ಬರೂ ಬಂದು ಹಾಸಿಗೆಯ ಹತ್ತಿರ ಕೂತರು. ಒಂದು ಗುರುವಾರ ಅವನು ಜಗಲಿಗೂ ಬರಲಿಲ್ಲ, ಪಂಪು ಕೇಳಲೂ ಇಲ್ಲ. ತೆಕ್ಲಾ ಮಡಕೆಗಳ ಹಿಂದೆ ಕೂತು ಕಾದಳು. ಟೀ ವಾಸನೆ ಬರಲಿಲ್ಲ. ಎದ್ದು ಹೋಗಿ ಪಂಪು ಬಿಚ್ಚಿ, ಬೋಗುಣಿಗೆ ಹಾಕಿ, ಪಕ್ಕಕ್ಕೆ ಸೌಟು ಸಿಕ್ಕಿಸಿಕೊಂಡು ಅವನ ಮನೆಗೆ ಹೊತ್ತು ನಡೆದಳು. ಬಿಳಿ ಗಾಡಿಗೆ ಕೂಡಿಸಿ, ಗಾಳಿ ತೆಗೆದು, ಚಾಲೂ ಮಾಡಿ, ಅವನಿಗೆ ಕೇಳಲಿ ಎಂದು ಸ್ವಲ್ಪ ಹೊತ್ತು ಓಡಲು ಬಿಟ್ಟು ಒಳಗೆ ಹೋದಳು.

"ಕೇಳ್ದೇನೇ ತಂದ್ಯಾ?" ಎಂದ ಲಾತೀರ್. "ಜೋಲರಿಗೆ ಬುದ್ಧಿ ಬಂತೂಂದ್ರೆ ಲೋಕ ಮುಗೀತು ಅಂತ ಅರ್ಥ."

"ಬಾಯಿ ಮುಚ್ಕೊಂಡು ಮಲಗು, ಆಳೇ."

ಅವನು ಸೌಟು ತೋರಿಸಿ, ಎದೆ ತೋರಿಸಿದ. ತೆಕ್ಲಾ ಹಿಡಿಯನ್ನು ಅವನ ಎದೆಗೆ ಒತ್ತಿ ಬಟ್ಟಲಿಗೆ ಕಿವಿ ಕೊಟ್ಟಳು. ಮಕ್ಕಳು ಮುಖ ಮುಖ ನೋಡಿಕೊಂಡರು.

"ಏನಂತೆ?" ಎಂದ ಲಾತೀರ್.

"ಗಾಳಿ ಸೇರ್ಕೊಂಡಿದೆ" ಎಂದಳು ತೆಕ್ಲಾ.

"ಇದರ ತಿರುಪು ಎಲ್ಲಿದೆ ಅಂತ ನನಗೂ ಗೊತ್ತಿಲ್ಲ" ಎಂದು ಲಾತೀರ್ ನಕ್ಕ. ನಕ್ಕು ಕೆಮ್ಮಿದ. ಕೆಮ್ಮು ನಿಂತ ಮೇಲೆ ಮಕ್ಕಳಿಗೂ ಕೇಳುವ ಹಾಗೆ ಹೇಳಿದ, ತನ್ನನ್ನು ತನ್ನ ಬಿಳಿ ಗಾಡಿಯಲ್ಲೇ ಮಣ್ಣಿಗೆ ಒಯ್ಯಬೇಕೆಂದು. ಆಮೇಲೆ ತೆಕ್ಲಾಳ ಕಡೆ ತಿರುಗಿದ.

"ಆವತ್ತು ನೀನು ಬಂದು ಬಾಗಿಲಿಗೆ ಅಡ್ಡ ಮಲಗು. ಪಂಪು ಕೇಳು. ಗಟ್ಟಿಯಾಗಿ ಕೇಳು, ನಾಲ್ಕು ಜನ ನಗೋ ಹಾಗೆ. ಇವರು ಇಲ್ಲ ಅನ್ನೋ ಹಾಗಿಲ್ಲ. ತಗೊಂಡ್ಹೋಗಿ ಪಾಸ್ಕಾಲನ ಗಾಡಿಗೆ ಹಾಕು, ಇನ್ನು ಅದು ಅಲ್ಲೇ ಇರ್ಲಿ."

ತೆಕ್ಲಾ ಸೌಟನ್ನು ಮಡಿಲಲ್ಲಿಟ್ಟುಕೊಂಡು ತಲೆಯಾಡಿಸಿದಳು. ಹೊರಗೆ ಗಾಡಿ ಓಡುತ್ತಲೇ ಇತ್ತು. ಅವನು ಕಣ್ಣು ಮುಚ್ಚಿಕೊಂ‍ಡು ಅದನ್ನು ಕೇಳಿದ, ಮೂರನೆಯದು ಸುಳ್ಳು ಹೇಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವವನ ಹಾಗೆ. ಆಮೇಲೆ ಒಂದು ಕಣ್ಣು ತೆರೆದ.

"ಇನ್ನೊಂದು ಕೇಳ್ತೀನಿ, ಇಲ್ಲ ಅನ್ಬೇಡ. ನಿನ್ನ ಕೈ ಬಲು ಆತುರದ್ದು. ಬಾಗಿಲಲ್ಲಿ ಕೇಳು, ಆದ್ರೆ ಬಿಚ್ಚೋಕೆ ಮಾತ್ರ ಗಾಡಿ ನನ್ನನ್ನ ಇಳಿಸಿ ತಿರುಗಿ ಬರೋವರ್ಗೂ ಕಾಯಿ. ಅರ್ಧ ದಾರೀಲಿ ಇಳಿದು ನಡೆಯೋ ಶಕ್ತಿ ನನಗಿಲ್ಲ."